ಕೆಲಸ ಸಿಕ್ತು ಸರಿ, ಇರೋದೆಲ್ಲಿ?

ಅಂಗವಿಕಲರಿಗೆ ಕೆಲಸ ಕೊಡಿಸೋ ನಮ್ಮ ಫೀಲ್ಡಲ್ಲಿ ಪ್ಲೇಸ್‌ಮೆಂಟ್ ರಿಪೋರ್ಟ್ ಅಂತ ಒಂದು ಎಕ್ಸೆಲ್ ಶೀಟ್ ಇರುತ್ತೆ. ಹೆಸರು, ಯಾವ ತರದ ಅಂಗವೈಕಲ್ಯ, ಪರ್ಸೆಂಟೇಜ್ ಎಷ್ಟು, ಯುಡಿಐಡಿ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ) ಕಾರ್ಡ್ ನಂಬರ್, ಯಾವ ಕಂಪನಿ, ಸಂಬಳ ಎಷ್ಟು, ಸೇರಿದ ತಾರೀಖು. ಇಷ್ಟು ತುಂಬಿದ್ರೆ ಒಬ್ಬ ಕ್ಯಾಂಡಿಡೇಟ್ ಕಥೆ ಮುಗೀತು ಅಂತ ಲೆಕ್ಕ. ಆ ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ, ಆಫೀಸಿನ ಟಾಯ್ಲೆಟ್ ಒಳಗೆ ಅವನ ವ್ಹೀಲ್‌ಚೇರ್ ಹೋಗುತ್ತಾ, ಬೆಳಿಗ್ಗೆ ಅವನನ್ನ ಬಿಡೋರು ಯಾರು, ಬಂದ ಸಂಬಳ ಯಾರ ಕೈಗೆ ಸೇರುತ್ತೆ, ಇದ್ಯಾವುದಕ್ಕೂ ಆ ಶೀಟಲ್ಲಿ ಕಾಲಂ ಇಲ್ಲ. ಆದ್ರೆ ನಾನು ನೋಡಿರೋ ಮಟ್ಟಿಗೆ ನಮ್ಮ ಜನ ಕೆಲಸ ಬಿಡೋದು ಕೆಲಸ ಬರಲ್ಲ ಅಂತ ತುಂಬಾ ಕಮ್ಮಿ, ಬಿಡೋದೆಲ್ಲ ಈ ಕಾಲಂ ಇಲ್ಲದ ಕಾರಣಗಳಿಗೇ.

ನಾನು ಮೈಸೂರಲ್ಲಿ ಜಾಬ್ ಕೋಚ್. ಹಾಗಂದ್ರೆ ಏನು ಅಂತ ನಮ್ಮ ನೆಂಟರಿಗೇ ಇನ್ನೂ ಪೂರ್ತಿ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಂಗವಿಕಲರನ್ನ ಒಂದು ಕೆಲಸಕ್ಕೆ ಸೇರಿಸಿ, ಮೊದಮೊದಲು ಅವರ ಜೊತೆ ಅದೇ ಜಾಗದಲ್ಲಿ ನಿಂತು, ಕೆಲಸನ ಸಣ್ಣ ಸಣ್ಣ ಹಂತ ಮಾಡಿ ಹೇಳ್ಕೊಟ್ಟು, ಅಕ್ಕಪಕ್ಕದವರಿಗೂ ಸೂಪರ್‌ವೈಸರ್‌ಗೂ ಅವರ ಜೊತೆ ಹೆಂಗೆ ಮಾತಾಡ್ಬೇಕು ಅಂತ ತಿಳಿಸಿ, ಆಮೇಲೆ ನಿಧಾನಕ್ಕೆ ಹಿಂದೆ ಸರಿಯೋದು. ಹಿಂದೆ ಸರಿಯೋದೇ ಇದರಲ್ಲಿ ಕಷ್ಟದ ಭಾಗ.

ಒಂದು ಹುಡುಗಿ ವಿಷ್ಯ ಹೇಳ್ತೀನಿ. ಬುದ್ಧಿಮಾಂದ್ಯ ಅಂತ ಸರ್ಟಿಫಿಕೇಟ್ ಇದೆ, ಐದರ ಮೇಲೆ ಎಣಿಸೋಕೆ ಬರಲ್ಲ, ಆದ್ರೆ ಕೈ ತುಂಬಾ ಚುರುಕು, ಹೂ ಕಟ್ಟೋಕೆ ಕೂತ್ರೆ ಅವಳ ಪಕ್ಕ ಯಾರೂ ನಿಲ್ಲೋ ಹಾಗಿಲ್ಲ. ನಮ್ಮ ಮೈಸೂರಲ್ಲಿ ಅಗರಬತ್ತಿ ಕೆಲಸಕ್ಕೇನು ಬರ ಇಲ್ವಲ್ಲ, ಒಂದು ಕಡೆ ಪ್ಯಾಕಿಂಗ್‌ಗೆ ಕೇಳಿದ್ವಿ. ಅಲ್ಲಿ ಒಂದು ಕವರಿಗೆ 20 ಕಡ್ಡಿ. ಅವರು ಕೇಳಿದ್ದು ನ್ಯಾಯವಾಗೇ ಇತ್ತು, ಎಣಿಕೆ ಬರದೆ ಇರೋರನ್ನ ಪ್ಯಾಕಿಂಗಲ್ಲಿ ಹೆಂಗೆ ಕೂರಿಸೋದು ಅಂತ. ಬಡಗಿ ಹತ್ರ ಒಂದು ಮರದ ಹಲಗೆ ಮಾಡಿಸಿ ಅದರ ಮೇಲೆ 20 ಗೀರು ಕೊರೆಸಿದ್ವಿ, ಒಂದು ಗೀರಿಗೆ ಒಂದೇ ಕಡ್ಡಿ ಕೂರೋ ಅಷ್ಟು ಅಗಲ. ಬಿದಿರು ಕಡ್ಡಿ ಕಾಣೋ ತುದಿ ಯಾವ ಕಡೆ ಬರ್ಬೇಕೋ ಆ ಕಡೆ ಹಲಗೆಗೆ ಹಳದಿ ಬಣ್ಣ ಬಳಿದ್ವಿ. ಹಲಗೆ ತುಂಬಿದ್ರೆ 20 ಆಯ್ತು, ಹಾಗೇ ಕವರಿಗೆ ಜಾರಿಸೋದು. ಎಣಿಸೋ ಮಾತೇ ಇಲ್ಲ. ಇದಕ್ಕೆ ಜಿಗ್ ಅಂತಾರೆ, ಫ್ಯಾಕ್ಟರಿಗಳಲ್ಲಿ ಎಲ್ಲ ತರದ ಕೆಲಸಕ್ಕೂ ಬಳಸ್ತಾರೆ, ಏನೂ ವಿಶೇಷ ಅಲ್ಲ. ಅವಳು ಕೆಲವೇ ದಿನದಲ್ಲಿ ಕೈ ಕುದುರಿಸ್ಕೊಂಡ್ಲು, ಸೂಪರ್‌ವೈಸರ್ ಕೂಡ ಕವರ್ ಬಿಚ್ಚಿ ಎಣಿಸಿ ನೋಡೋದು ಬಿಟ್ಟ.

ಇಷ್ಟೆಲ್ಲ ಆಗಿ ಒಂದಿನ ಅವಳು ಬರೋದು ನಿಂತೋಯ್ತು. ಫೋನ್ ಮಾಡಿದ್ರೆ ತಾಯಿ ಎತ್ತಲ್ಲ. ಮನೆಗೆ ಹೋಗಿ ನೋಡಿದ್ರೆ ವಿಷ್ಯ ಇಷ್ಟೇ, ದಿನಾ ಬೈಕಲ್ಲಿ ಬಿಡ್ತಿದ್ದ ಅಣ್ಣನಿಗೆ ನೈಟ್ ಶಿಫ್ಟ್ ಆಗಿದೆ, ಬೆಳಿಗ್ಗೆ ಅವನು ಮನೆಗೆ ಬರೋದೇ ಲೇಟು. ಬಿಡೋರಿಲ್ಲ ಅಂತ ಕೆಲಸ ಹೋಯ್ತು. ಹಲಗೆ ಮಾಡ್ಸೋಕೆ ಬಡಗಿ ಸಿಕ್ಕಿದ, ಬಸ್ ಹತ್ಸೋಕೆ ಯಾರೂ ಇಲ್ಲ.

ಅದಕ್ಕೆ ಬಸ್ಸು ಕಲಿಸೋದು ಶುರು ಮಾಡಿದ್ವಿ. ಇದೂ ಒಂದು ಪಾಠನೇ, ಅಗರಬತ್ತಿಗಿಂತ ಎಷ್ಟೋ ಕಷ್ಟದ್ದು. ಬಸ್ ನಂಬರ್ ಓದೋಕೆ ಬರಲ್ಲ ಅವಳಿಗೆ, ಆದ್ರೆ ಒಂದೇ ತರ ಇದೆಯಾ ಇಲ್ವಾ ಅಂತ ಹೊಂದಿಸಿ ನೋಡೋಕೆ ಬರುತ್ತೆ. ದೊಡ್ಡ ಅಕ್ಷರದಲ್ಲಿ ನಂಬರ್ ಬರೆದ ಕಾರ್ಡ್ ಕತ್ತಿಗೆ ಹಾಕೋ ಐಡಿ ಪೌಚಲ್ಲಿ ಇಟ್ವಿ. ಕಾರ್ಡ್ ನೋಡು, ಬಸ್ ನೋಡು, ಎರಡೂ ಒಂದೇ ಇದ್ರೆ ಹತ್ತು. ಇಳಿಯೋ ಜಾಗಕ್ಕೆ ಮುಂಚೆ ಬರೋ ಪೆಟ್ರೋಲ್ ಬಂಕು ಗುರುತು, ಅದು ಕಂಡ ತಕ್ಷಣ ಎದ್ದು ನಿಲ್ಲೋದು. ಮೊದಲು ಅವಳ ಪಕ್ಕದ ಸೀಟಲ್ಲಿ ಕೂತು ಹೋಗ್ತಿದ್ದೆ, ಆಮೇಲೆ ಹಿಂದಿನ ಸೀಟು, ಆಮೇಲೆ ಬಸ್ಸಿನ ಹಿಂದೆ ಸ್ಕೂಟರಲ್ಲಿ. ಅವಳಿಗೆ ನಾನು ಹಿಂದೆ ಬರ್ತಿದೀನಿ ಅಂತ ಗೊತ್ತಿರ್ತಿರ್ಲಿಲ್ಲ, ಕಿಟಕಿ ಪಕ್ಕ ಎಷ್ಟು ಗತ್ತಲ್ಲಿ ಕೂತಿರ್ತಿದ್ಲು ಅಂದ್ರೆ ನೋಡೋಕೇ ಖುಷಿ.

ಆಮೇಲೆ ದಸರಾ ಬಂತು. ಮೈಸೂರಿನವರಿಗೆ ಹೇಳೋದೇ ಬೇಡ, ದಸರಾ ಟೈಮಲ್ಲಿ ಬಸ್ಸುಗಳ ದಾರಿನೇ ಬದಲು. ಇದನ್ನ ಮೊದಲೇ ಅವಳಿಗೂ ಮನೆಯವರಿಗೂ ಹೇಳಿದ್ವಿ, ಪೆಟ್ರೋಲ್ ಬಂಕ್ ಕಾಣದೆ ಇದ್ರೆ ಕಂಡಕ್ಟರ್‌ಗೆ ಕಾರ್ಡ್ ತೋರ್ಸು, ಕೆಳಗಿಳಿದಿದ್ರೆ ಪೊಲೀಸ್‌ಗೆ ತೋರ್ಸು, ಕಾರ್ಡ್ ಹಿಂದೆ ಅಮ್ಮನ ನಂಬರ್ ಇದೆ ಅಂತ. ಹಂಗೇ ಆಯ್ತು, ಬೇರೆ ಎಲ್ಲೋ ಇಳಿದ್ಲು, ಟ್ರಾಫಿಕ್ ಪೊಲೀಸ್‌ಗೆ ಕಾರ್ಡ್ ತೋರಿಸಿದ್ಲು, ಅವರು ಸರಿಯಾದ ಬಸ್ ಹತ್ತಿಸಿದ್ರು, ಮನೆಗೆ ಬರೋ ಹೊತ್ತಿಗೆ ಕತ್ತಲಾಗಿತ್ತು. ಅವತ್ತು ರಾತ್ರಿ ಅವರಮ್ಮ ಫೋನಲ್ಲಿ ನನ್ನನ್ನ ಬೈದಿದ್ದು ಇನ್ನೂ ಕಿವೀಲಿದೆ. ಬೈಬೇಕಾದ್ದೇ, ಹೆಣ್ಣುಮಗು, ಕತ್ತಲು, ದಸರಾ ಜನ. ಆದ್ರೆ ಮಾರನೇ ದಿನ ಬೆಳಿಗ್ಗೆ ಡಬ್ಬಿ ಕಟ್ಟಿ ಕಳ್ಸಿದ್ರು. ಆ ತಾಯಿಯ ಧೈರ್ಯದ ಮುಂದೆ ನಮ್ಮ ಟ್ರೈನಿಂಗ್ ಎಲ್ಲ ಯಾವ ಲೆಕ್ಕ.

ನಾನು ಹೇಳೋಕೆ ಹೊರಟಿರೋದು ಇದನ್ನೇ. ಸ್ವತಂತ್ರವಾಗಿ ಬದುಕೋದು ಬೇರೆ, ಕೆಲಸ ಬೇರೆ ಅಂತ ನಾವು ಎರಡು ಡಬ್ಬಿ ಮಾಡಿ ಇಟ್ಟಿದೀವಿ. ಸ್ಕೀಮುಗಳೂ ಹಂಗೇ ಇವೆ, ಸ್ಕಿಲ್ ಟ್ರೈನಿಂಗ್‌ಗೆ ದುಡ್ಡಿದೆ, ಜಾಬ್ ಫೇರ್‌ಗೆ ದುಡ್ಡಿದೆ, ಬಸ್ ಕಲಿಸೋಕೆ, ಮನೆ ಹುಡುಕೋಕೆ, ಸಹಾಯಕರನ್ನ ಇಟ್ಕೊಳ್ಳೋಕೆ ದುಡ್ಡಿಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಇಂಡಿಯಾ 2007ರಲ್ಲೇ ಒಪ್ಪಿದೆ, ಅದರ 19ನೇ ವಿಧಿ ಸಮುದಾಯದಲ್ಲಿ ಸ್ವತಂತ್ರವಾಗಿ ಬದುಕೋ ಹಕ್ಕು, 27ನೇ ವಿಧಿ ಕೆಲಸದ ಹಕ್ಕು. ಕಾಗದದ ಮೇಲೆ ನಡುವೆ ಏಳು ವಿಧಿ ಇವೆ. ಬದುಕಲ್ಲಿ ಆ ಎರಡರ ನಡುವೆ ಒಂದು ಬಸ್ ಸ್ಟಾಪು ಅಷ್ಟೇ.

ಈಗ ಬೆಂಗಳೂರಿನ ಮನೆ ವಿಷ್ಯಕ್ಕೆ ಬರ್ತೀನಿ, ಇದು ಹೇಳಿದಷ್ಟೂ ಮುಗಿಯಲ್ಲ. ನಮ್ಮ ಸೆಂಟರಲ್ಲಿ ಕಂಪ್ಯೂಟರ್ ಕಲಿತ ಇಬ್ಬರು ಹುಡುಗರು, ಒಬ್ಬ ಕೊಪ್ಪಳದ ಕಡೆಯವನು, ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳ ಶಕ್ತಿ ನಿಧಾನಕ್ಕೆ ಕುಂದೋ ಕಾಯಿಲೆ), ವ್ಹೀಲ್‌ಚೇರಲ್ಲಿರ್ತಾನೆ, ಇನ್ನೊಬ್ಬ ಕಲಬುರಗಿ ಕಡೆಯವನು, ಪೂರ್ತಿ ಕಣ್ಣು ಕಾಣಲ್ಲ. ಇಬ್ಬರಿಗೂ ಬೆಂಗಳೂರಲ್ಲಿ ಒಂದೇ ಆಫೀಸಲ್ಲಿ ಕೆಲಸ ಆಯ್ತು. ಆಫರ್ ಲೆಟರ್ ಬಂದ ದಿನ ಕೊಪ್ಪಳದ ಹುಡುಗನ ತಾಯಿ ನನ್ನ ಹತ್ರ ಬಂದು ಕೈ ಹಿಡ್ಕೊಂಡು, "ಮೇಡಂ, ಒಬ್ಬವ್ನ ಬೆಂಗ್ಳೂರಾಗ ಹೆಂಗ್ ಇರ್ತಾನ್ರಿ, ನೀರ್ ಕುಡೀಬೇಕಂದ್ರೂ ನಾನ ಕೊಡ್ಬೇಕ್ರಿ" ಅಂದ್ರು. ಅವನು ಅಲ್ಲೇ ಇದ್ದ. "ಅವ್ವಾ, ನಾ ಕೇಳಿದ್ ಮ್ಯಾಲ ಕೊಡು. ನಾ ಕೇಳೂಕಿಂತ ಮೊದ್ಲ ಕೊಡಬ್ಯಾಡ" ಅಂದ. ಎಲ್ಲ ಟ್ರೈನಿಂಗಲ್ಲೂ ನಾನು ಈ ಮಾತನ್ನ ಹೇಳ್ತೀನಿ, ಅವನು ಹೇಳಿದ್ದು ಅಂತಲೇ ಹೇಳ್ತೀನಿ.

ಮನೆ ಹುಡುಕೋಕೆ ಹೋದಾಗ ಗೊತ್ತಾಗಿದ್ದು, ಪಿಜಿಗಳಲ್ಲಿ ಲಿಫ್ಟ್ ಇರಲ್ಲ, ಇದ್ರೂ ಅದು ಮೊದಲನೇ ಮಹಡಿಯಿಂದ ಶುರು, ಅಲ್ಲಿ ತನಕ ಮೆಟ್ಟಿಲು. ಗ್ರೌಂಡ್ ಫ್ಲೋರ್ ಮನೆ ಅಂತ ಹೋದ್ರೆ ಗೇಟಿಂದ ಬಾಗಿಲಿಗೆ ಮೂರು ಮೆಟ್ಟಿಲು, ಹೊಸ್ತಿಲು ಬೇರೆ. ಒಳಗೆ ಎಲ್ಲ ಸರಿ ಇದ್ರೆ ಬಾತ್‌ರೂಮ್ ಬಾಗಿಲು ಎರಡಡಿ, ವ್ಹೀಲ್‌ಚೇರ್ ಅರ್ಧ ಹೋಗಿ ಸಿಕ್ಕಿಹಾಕೊಳ್ಳುತ್ತೆ. ಇದೆಲ್ಲ ಇಟ್ಟಿಗೆ ಗಾರೆ ಸಮಸ್ಯೆ, ಏನೋ ಮಾಡಬಹುದು. ಓನರ್‌ಗಳ ಮಾತಿಗೆ ಏನ್ ಮಾಡೋದು? "ಜೊತೆಗೆ ಮನೆಯವರು ಯಾರೂ ಇರಲ್ವಾ? ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" "ಕಣ್ಣು ಕಾಣದವರು ಗ್ಯಾಸ್ ಹಚ್ತಾರಾ? ಬೇಡಮ್ಮ." ಒಬ್ರಂತೂ ಒಪ್ಪಿ ಅಡ್ವಾನ್ಸ್ ಮಾತಾಡಿ, ಸಾಯಂಕಾಲ ಫೋನ್ ಮಾಡಿ ನಮ್ಮ ಸೊಸೆ ಗರ್ಭಿಣಿ, ದಿನಾ ಎದುರಿಗೆ ನೋಡ್ಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ ಅಂದ್ರು. ಫೋನ್ ಸ್ಪೀಕರಲ್ಲಿತ್ತು. ಇಬ್ಬರೂ ಕೇಳಿಸ್ಕೊಂಡ್ರು. ನಂಗೆ ಆಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಡ್ವಾನ್ಸ್ ಇನ್ನೊಂದು ಗೋಡೆ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಎಲ್ರಿಗೂ ಗೊತ್ತಿರೋದೇ. ಮೊದಲ ಸಂಬಳ ಇನ್ನೂ ಕೈಗೆ ಬಂದಿರಲ್ಲ, ಊರಲ್ಲಿ ಇರೋದು ಒಂದೆಕ್ರೆ ಒಣಭೂಮಿ. ಅದೂ ನೆಲಮಹಡಿ, ಆಫೀಸಿಗೆ ಹತ್ರ, ಅಗಲ ಬಾಗಿಲು ಅಂದ್ರೆ ಬಾಡಿಗೆ ಮೊದಲೇ ಜಾಸ್ತಿ. ಬೇರೆ ಹುಡುಗರು ದೂರದಲ್ಲಿ ಅಗ್ಗದ ರೂಮ್ ಹಿಡಿದು ಎರಡು ಬಸ್ ಬದಲಾಯಿಸಿ ಬರ್ತಾರೆ, ನಮ್ಮ ಕೊಪ್ಪಳದ ಹುಡುಗನಿಗೆ ಆ ದಾರಿ ಇಲ್ಲ. ಅಂದ್ರೆ ಅದೇ ಸಂಬಳಕ್ಕೆ ಅಂಗವಿಕಲರ ಖರ್ಚು ಜಾಸ್ತಿ, ಇದನ್ನ ಯಾವ ಎಚ್‌ಆರ್ ಲೆಕ್ಕ ಹಾಕೋದೂ ನಾನು ನೋಡಿಲ್ಲ.

ಕೊನೆಗೆ ಒಂದು ಮನೆ ಸಿಕ್ತು, ರಿಟೈರ್ಡ್ ಮೇಷ್ಟ್ರು ಒಬ್ಬರದು. ಅವರಿಗೇ ಪಾರ್ಶ್ವವಾಯು ಆಗಿ ಸುಧಾರಿಸಿಕೊಂಡಿದ್ರು, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಮೊದಲೇ ಇತ್ತು. ಮುಂದೆ ರ್‍ಯಾಂಪ್ ಹಾಕಿಸೋಕೆ ಒಪ್ಪಿದ್ರು. ರ್‍ಯಾಂಪ್ ಬಗ್ಗೆ ಒಂದು ಮಾತು, ಇದನ್ನ ಮನೆ ಕಟ್ಟಿಸ್ತಿರೋರೆಲ್ಲ ನೆನಪಿಟ್ಕೊಳಿ, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಾಲ್ಕಡಿಯಲ್ಲಿ ಮುಗಿಸಿದ್ರೆ ಅದರ ಮೇಲೆ ಸ್ಕೂಟರ್ ಹತ್ತಿಸಬಹುದು, ವ್ಹೀಲ್‌ಚೇರಲ್ಲಿ ಒಬ್ಬರೇ ಹತ್ತೋಕೆ ಹೋದ್ರೆ ಹಿಂದಕ್ಕೆ ಮಗುಚಿ ಬೀಳ್ತಾರೆ. ಎಷ್ಟೋ ಸರ್ಕಾರಿ ಆಫೀಸಿನ ರ್‍ಯಾಂಪ್‌ಗಳೂ ಇಂಥವೇ.

ಆ ಇಬ್ಬರ ಸಂಸಾರ ನೋಡ್ಬೇಕು ನೀವು. ಒಲೆ ಇಂಡಕ್ಷನ್, ಅದನ್ನ ತಗ್ಗಾದ ಟೇಬಲ್ ಮೇಲೆ ಇಟ್ಟಿದಾರೆ. ಬಟನ್‌ಗಳ ಮೇಲೆ ಸಣ್ಣ ಸಣ್ಣ ಉಬ್ಬು ಸ್ಟಿಕ್ಕರ್. ಕಣ್ಣು ಕಾಣದವನು ತರಕಾರಿ ಹೆಚ್ಚೋದು, ಅನ್ನಕ್ಕಿಡೋದು, ನೀರಿನ ಕ್ಯಾನ್ ಎತ್ತೋದು. ವ್ಹೀಲ್‌ಚೇರಿನವನು ಲಿಸ್ಟ್ ಬರೆಯೋದು, ಬಿಲ್ ಕಟ್ಟೋದು, ಅಕ್ಕಿಯಲ್ಲಿ ಕಲ್ಲು ನೋಡೋದು. ಬೆಳಿಗ್ಗೆ ಅವನನ್ನ ಎಬ್ಬಿಸಿ ಸ್ನಾನ ಮಾಡಿಸಿ ಕುರ್ಚಿಗೆ ಕೂರಿಸೋಕೆ ಒಬ್ಬ ಹುಡುಗನನ್ನ ಸಂಬಳ ಕೊಟ್ಟು ಇಟ್ಕೊಂಡಿದಾನೆ, ಬೆಳಿಗ್ಗೆ ಒಂದು ಗಂಟೆ ರಾತ್ರಿ ಒಂದು ಗಂಟೆ. ಆ ಹುಡುಗನನ್ನ ಅವನೇ ಇಂಟರ್‌ವ್ಯೂ ಮಾಡಿದ್ದು. ಮೊದಲು ಬಂದವನು ಹೇಳಿದ ಮಾತು ಕೇಳ್ತಿರ್ಲಿಲ್ಲ ಅಂತ ಅವನೇ ಬಿಡಿಸಿದ.

ಇದನ್ನ ಕೇಳಿ ಕೆಲವರು, ಸ್ನಾನಕ್ಕೆ ಇನ್ನೊಬ್ಬರು ಬೇಕು ಅಂದ್ಮೇಲೆ ಅದೆಂಥ ಸ್ವತಂತ್ರ ಬದುಕು ಅಂತಾರೆ. ಅವರಿಗೆ ನಾನು ಎಡ್ ರಾಬರ್ಟ್ಸ್ ಕಥೆ ಹೇಳ್ತೀನಿ. ಅಮೆರಿಕದ ಕ್ಯಾಲಿಫೋರ್ನಿಯಾದವರು, 14ನೇ ವಯಸ್ಸಿಗೆ ಪೋಲಿಯೋ, ಕತ್ತಿನ ಕೆಳಗೆ ಹೆಚ್ಚೂಕಮ್ಮಿ ಪೂರ್ತಿ ಪಾರ್ಶ್ವವಾಯು, ರಾತ್ರಿ ಉಸಿರಾಡೋಕೆ ಐರನ್ ಲಂಗ್ ಅನ್ನೋ ದೊಡ್ಡ ಕಬ್ಬಿಣದ ಡ್ರಮ್ ಒಳಗೆ ಮಲಗಬೇಕಿತ್ತು. ಅಲ್ಲಿನ ಪುನರ್ವಸತಿ ಇಲಾಖೆ, ಇವರ ಅಂಗವೈಕಲ್ಯ ವಿಪರೀತ, ಇವರು ಯಾವ ಕೆಲಸಕ್ಕೂ ಆಗಲ್ಲ ಅಂತ ಓದೋಕೆ ಸಹಾಯ ಕೊಡೋಕೂ ಹಿಂದೆಮುಂದೆ ನೋಡಿತ್ತು. ಅವರು 1962ರಲ್ಲಿ ಬರ್ಕ್ಲಿ ಯೂನಿವರ್ಸಿಟಿ ಸೇರಿದ್ರು, ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಭಾಗದಲ್ಲೇ ವಾಸ. ಅವರ ಹಿಂದೆ ಬೇರೆ ಅಂಗವಿಕಲ ಸ್ಟೂಡೆಂಟ್ಸ್ ಬಂದ್ರು, 1972ರಲ್ಲಿ ಬರ್ಕ್ಲಿಯಲ್ಲಿ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್ ಶುರುವಾಯ್ತು. ಅಂಗವಿಕಲರೇ ನಡೆಸೋ ಜಾಗ, ಮನೆ ಹುಡುಕಿಕೊಡೋದು, ಸಹಾಯಕರನ್ನ ಹುಡುಕಿಕೊಡೋದು, ವ್ಹೀಲ್‌ಚೇರ್ ರಿಪೇರಿ. 1975ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಇದೇ ಎಡ್ ರಾಬರ್ಟ್ಸ್ ಅವರನ್ನ ರಾಜ್ಯದ ಪುನರ್ವಸತಿ ಇಲಾಖೆಗೆ ಡೈರೆಕ್ಟರ್ ಮಾಡಿದ್ರು, ಕೆಲಸಕ್ಕೆ ಆಗಲ್ಲ ಅಂದಿದ್ದ ಅದೇ ಇಲಾಖೆಗೆ. ಅವರು ತಮ್ಮ ಕೈಯಿಂದ ಅಂಗಿ ಗುಂಡಿ ಹಾಕ್ಕೊಳ್ತಿರ್ಲಿಲ್ಲ. ಯಾವ ಅಂಗಿ, ಎಷ್ಟೊತ್ತಿಗೆ, ಯಾರು ಹಾಕ್ಬೇಕು ಅಂತ ಅವರೇ ಹೇಳ್ತಿದ್ರು. ನಮ್ಮ ಕೊಪ್ಪಳದ ಹುಡುಗ ಅವರ ಹೆಸರೂ ಕೇಳದೆ ಅದನ್ನೇ ಮಾಡ್ತಿದಾನೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 21 ತರದ ಅಂಗವೈಕಲ್ಯ ಸೇರಿಸಿದಾರೆ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ. 3 ಇದ್ದಿದ್ದು ಶೇ. 4 ಆಯ್ತು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಪ್ರೈವೇಟ್ ಕಂಪನಿಗಳೂ ಸಮಾನ ಅವಕಾಶದ ಪಾಲಿಸಿ ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು, ಇದಕ್ಕೇ ಅಂತ ಒಬ್ಬ ಅಧಿಕಾರಿನ ಗೊತ್ತು ಮಾಡ್ಬೇಕು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೇಟ್‌ನಿಂದ ಗೇಟ್‌ಗೆ ಹೋಗಿ ಕೇಳ್ತೀನಿ ನಾನು, ಎಷ್ಟೋ ಎಚ್‌ಆರ್‌ಗಳು ಈ ನಿಯಮ ಕೇಳೋದೇ ನನ್ನ ಬಾಯಿಂದ. ಹೆಚ್ಚಿನ ಬೆಂಬಲ ಬೇಕಾದವರಿಗೆ ಅದನ್ನ ಕೊಡ್ಬೇಕು ಅಂತ ಕಾಯ್ದೆಯ 38ನೇ ಸೆಕ್ಷನ್ ಇದೆ, ಸಮುದಾಯದಲ್ಲಿ ಬದುಕೋ ಹಕ್ಕಿನ 5ನೇ ಸೆಕ್ಷನ್ ಸಹಾಯಕರ ವಿಚಾರವನ್ನೂ ಹೇಳುತ್ತೆ. ಆದ್ರೆ ನಾನು ಹೋಗೋ ಮನೆಗಳಲ್ಲಿ ಆ ಬೆಂಬಲ ಅಂದ್ರೆ ಅಮ್ಮ. ಅಮ್ಮನಿಗೆ ಸೊಂಟ ಹಿಡಿದ್ರೆ ಮಗನ ಕೆಲಸಕ್ಕೂ ರಜ.

ಟಾಯ್ಲೆಟ್ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೆ ನಾನು ಮಾತಾಡ್ತೀನಿ. ಕಾಲಿಗೆ ಕ್ಯಾಲಿಪರ್ (ಆಸರೆಗೆ ಕಟ್ಟೋ ಲೋಹದ ಪಟ್ಟಿ) ಹಾಕಿರೋ ಹೆಣ್ಣುಮಕ್ಕಳು ಇಂಡಿಯನ್ ಟಾಯ್ಲೆಟ್ಟಲ್ಲಿ ಕೂರೋಕಾಗಲ್ಲ, ಮಂಡಿ ಮಡಚೋಕೆ ಬರಲ್ಲ. ಗಾರ್ಮೆಂಟ್ಸಲ್ಲಿ ಕೆಲಸ ಮಾಡೋ ಇಬ್ಬರು ನಂಗೆ ಹೇಳಿದ್ದು, ಬೆಳಿಗ್ಗೆ ಮನೆ ಬಿಟ್ಟಾಗಿಂದ ಸಾಯಂಕಾಲ ಮನೆ ಸೇರೋ ತನಕ ಒಂದು ತೊಟ್ಟು ನೀರು ಕುಡಿಯಲ್ಲ ಅಂತ. ಬೇಸಿಗೆಯಲ್ಲೂ. ಉರಿಮೂತ್ರ, ಜ್ವರ, ರಜ, ಕೊನೆಗೆ ಇವರು ಜಾಸ್ತಿ ರಜ ಹಾಕ್ತಾರೆ ಅಂತ ದೂರು. ಆ ಫ್ಲೋರಲ್ಲಿ ಒಂದು ವೆಸ್ಟರ್ನ್ ಕಮೋಡ್, ಪಕ್ಕದಲ್ಲಿ ಒಂದು ಕಂಬಿ. ಅಷ್ಟೇ ಬೇಕಾಗಿದ್ದು. ನಾವು ಆ ಫ್ಯಾಕ್ಟರಿಗೆ ಪತ್ರ ಬರೆದ್ವಿ, ಹೋಗಿ ಕೂತ್ವಿ, ಕೊನೆಗೆ ಹಾಕಿಸಿದ್ರು. ಈಗ ಇಬ್ಬರೂ ಅಲ್ಲೇ ಇದಾರೆ, ಒಬ್ಬಳು ಚೆಕಿಂಗ್ ಸೆಕ್ಷನ್ನಿಗೆ ಹೋಗಿದಾಳೆ.

ಹೀಗೆ ಎಷ್ಟೋ ಬದಲಾವಣೆಗೆ ದುಡ್ಡೇ ಬೇಡ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳೋ ಒಬ್ಬರಿಗೆ ಬೆಳಿಗ್ಗೆ ಹೊತ್ತು ವಿಪರೀತ ಮಂಪರು. 7 ಗಂಟೆ ಶಿಫ್ಟಿಂದ 10 ಗಂಟೆಗೆ ಹಾಕಿದ್ರು, ಸರಿಹೋಯ್ತು. ಕಿವಿ ಕೇಳದವರು ಇರೋ ಕಡೆ ಸೈರನ್ ಜೊತೆ ಒಂದು ಕೆಂಪು ಲೈಟ್. ಮೀಟಿಂಗಲ್ಲಿ ಮಾತಾಡಿದ್ದನ್ನ ಎರಡು ಲೈನ್ ವಾಟ್ಸಾಪಲ್ಲಿ ಹಾಕೋದು. ಇನ್ನೊಂದು ನಮ್ಮ ಕನ್ನಡಕ್ಕೇ ಸಂಬಂಧಪಟ್ಟಿದ್ದು. ಕಣ್ಣು ಕಾಣದವರು ಕಂಪ್ಯೂಟರಲ್ಲಿ ಸ್ಕ್ರೀನ್ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಸ್ಕ್ರೀನ್ ರೀಡರ್ ಬಳಸ್ತಾರೆ, ಎನ್‌ವಿಡಿಎ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಕನ್ನಡನೂ ಓದುತ್ತೆ. ಆದ್ರೆ ಫೈಲ್ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ತರ ಅರ್ಥ ಆಗೋ ಅಕ್ಷರ ಸಂಕೇತ) ಅಲ್ಲದ ಹಳೇ ಕನ್ನಡ ಫಾಂಟಲ್ಲಿ ಇದ್ರೆ ಕಂಪ್ಯೂಟರಿಗೆ ಅದು ಕನ್ನಡನೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ನಮ್ಮಲ್ಲಿ ಓದಿ ಸರ್ಕಾರಿ ಆಫೀಸ್ ಸೇರಿದ ಒಬ್ಬರು ಫೋನ್ ಹಿಡಿದು ಕೇಳಿಸಿದ್ರು, ಪೂರ್ತಿ ಒಂದು ಸುತ್ತೋಲೆ "ಡಿ ಸ್ಲ್ಯಾಶ್ ಕ್ಯೂ ಬ್ರಾಕೆಟ್" ಅಂತ ಓದ್ತಾ ಹೋಗ್ತಿದೆ. ಕಾಂಪಿಟಿಟಿವ್ ಎಕ್ಸಾಮ್ ಪಾಸ್ ಮಾಡಿ ಬಂದ ಮನುಷ್ಯ, ಅವರ ಟೇಬಲ್ ಮೇಲೆ ಕೆಲಸ ಬರ್ತಿಲ್ಲ, ಅವರಿಗೆ ಆಗಲ್ಲ ಬಿಡಿ ಅಂತ ಪಕ್ಕದವರೇ ಮಾಡಿ ಮುಗಿಸ್ತಾರೆ. ಟೈಪ್ ಮಾಡೋವಾಗಲೇ ಯೂನಿಕೋಡ್ ಆಯ್ಕೆ ಮಾಡ್ಕೊಂಡ್ರೆ ಸಾಕು. ಸ್ಕ್ಯಾನ್ ಮಾಡಿದ ಫೋಟೋ ಬದಲು ಟೈಪ್ ಮಾಡಿದ ಫೈಲ್ ಕಳಿಸಿದ್ರೆ ಸಾಕು.

ಇನ್ನು ದುಡ್ಡು. ಅಗರಬತ್ತಿ ಹುಡುಗಿಗೆ ಸಂಬಳದ ಅಕೌಂಟ್ ಮಾಡ್ಸೋಕೆ ಹೋದ್ರೆ ಒಂದು ಬ್ಯಾಂಕಲ್ಲಿ, ಇವರಿಗೆ ತಿಳುವಳಿಕೆ ಇಲ್ಲ, ಗಾರ್ಡಿಯನ್ ಹೆಸರಲ್ಲೇ ಮಾಡ್ಸಿ ಅಂದ್ರು. ಅವಳಿಗೆ 18 ದಾಟಿ ಎಷ್ಟೋ ವರ್ಷ ಆಗಿದೆ. ಅದೇ 2016ರ ಕಾಯ್ದೆಯ 13ನೇ ಸೆಕ್ಷನ್ ಅಂಗವಿಕಲರಿಗೆ ತಮ್ಮ ಹಣಕಾಸು ತಾವೇ ನೋಡ್ಕೊಳ್ಳೋ ಹಕ್ಕಿದೆ ಅನ್ನುತ್ತೆ, 14ನೇ ಸೆಕ್ಷನ್ ಗಾರ್ಡಿಯನ್ ಬೇಕಾದ್ರೂ ಆ ವ್ಯಕ್ತಿ ಜೊತೆ ಸೇರಿ, ಅವರ ಇಷ್ಟ ಕೇಳಿ ತೀರ್ಮಾನ ಮಾಡ್ಬೇಕು ಅನ್ನುತ್ತೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರೋರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದ ಸಮಿತಿಯಿಂದ ಗಾರ್ಡಿಯನ್ ನೇಮಕ ಮಾಡಿಸ್ಕೋಬಹುದು, ಕೆಲವರಿಗೆ ಅದು ಬೇಕೇ ಬೇಕಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಲರಿಗೂ ಬೇಡ. ಅವಳಿಗೆ ಬೇಕಿರ್ಲಿಲ್ಲ. ಇನ್ನೊಂದು ಬ್ಯಾಂಕಲ್ಲಿ ಮ್ಯಾನೇಜರ್ ಕೂತು ಅವಳನ್ನೇ ಮಾತಾಡಿಸಿದ್ರು, ಈ ದುಡ್ಡು ಯಾರದ್ದು ಅಂತ ಕೇಳಿದ್ರು, "ನಂದು, ನಾನ್ ಕಡ್ಡಿ ಹಾಕಿದ್ದು" ಅಂದ್ಲು. ಅಕೌಂಟ್ ಆಯ್ತು. ಮನೆಯಲ್ಲಿ ಮೂರು ಕವರ್ ಮಾಡಿದಾರೆ, ಅಮ್ಮನಿಗೆ ಒಂದು, ಬ್ಯಾಂಕಲ್ಲೇ ಉಳಿಯೋದಕ್ಕೆ ಬಣ್ಣದ ಚೀಟಿ ಹಾಕಿದ್ದು ಒಂದು, ಅವಳಿಗೇ ಅಂತ ಒಂದು. ಅವಳ ಕವರಿಂದ ಮೊದಲು ತಗೊಂಡಿದ್ದು ಕೆಂಪು ಬಳೆ ಮತ್ತೆ ಅಣ್ಣನ ಬೈಕಿಗೆ ಒಂದು ಕೀಚೈನು.

ಹಳ್ಳಿ ಕಡೆ ಕಥೆ ಬೇರೆ. ಅಲ್ಲಿ ಮೊದಲ ಪ್ರಶ್ನೆನೇ, ಕೆಲಸಕ್ಕೆ ಸೇರಿದ್ರೆ ಸರ್ಕಾರ ಕೊಡೋ ಮಾಸಾಶನ ನಿಂತೋಗುತ್ತಾ ಅಂತ. ಕಮ್ಮಿ ದುಡ್ಡು, ಆದ್ರೆ ಖಾತ್ರಿ ದುಡ್ಡು. ಅದಕ್ಕೆ ಆದಾಯದ ಮಿತಿ ಇದೆ, ಹಂಗಾಗಿ ಅವರ ಭಯ ಸುಳ್ಳಲ್ಲ. ಪ್ರೈವೇಟ್ ಕೆಲಸ ಆರು ತಿಂಗಳಿಗೆ ಹೋದ್ರೆ ಮತ್ತೆ ಅರ್ಜಿ, ಮತ್ತೆ ಓಡಾಟ. ನನ್ನ ಅಭಿಪ್ರಾಯ ಕೇಳಿದ್ರೆ, ಕೆಲಸಕ್ಕೆ ಸೇರಿದವರಿಗೆ ಕನಿಷ್ಠ ಮೊದಲ ಎರಡು ವರ್ಷ ಮಾಸಾಶನ ಮುಟ್ಟಬಾರದು, ಕಾಲೂರೋಕೆ ನೆಲ ಬೇಕಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದಾರೆ, ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರೇ. ಯಾವ ಮನೆಯಲ್ಲಿ ಯಾರಿದಾರೆ, ಯಾರಿಗೆ ಯುಡಿಐಡಿ ಆಗಿಲ್ಲ, ಯಾರಿಗೆ ಮೂರು ಚಕ್ರದ ಸ್ಕೂಟರ್ ಕೊಟ್ರೆ ಪೇಟೆಗೆ ಹೋಗಿ ಟೈಲರಿಂಗ್ ಮಾಡಬಲ್ಲರು, ಎಲ್ಲ ಅವರ ನಾಲಿಗೆ ತುದಿಯಲ್ಲಿರುತ್ತೆ. ಗೌರವಧನ ಮಾತ್ರ ತುಂಬಾ ಕಮ್ಮಿ. ಇವರಿಗೆ ಸರಿಯಾದ ಸಂಬಳ ಕೊಟ್ಟು, ಜಾಬ್ ಕೋಚ್ ಕೆಲಸನೂ ಕಲಿಸಿದ್ರೆ ಹಳ್ಳಿಯಲ್ಲೇ ಎಷ್ಟೋ ಬದುಕು ಕಟ್ಟಬಹುದು. ಹೊಸ ಸಂಸ್ಥೆ ಬೇಡ, ಹೊಸ ಆ್ಯಪ್ ಬೇಡ, ಇರೋ ಜನ ಸಾಕು.

ಈ ರಾಜ್ಯದಲ್ಲಿ ಈ ಕೆಲಸ ಇವತ್ತು ನಿನ್ನೆ ಶುರುವಾಗಿದ್ದಲ್ಲ. ಎನ್.ಎಸ್. ಹೇಮಾ ಅವರು ಬೆಂಗಳೂರಲ್ಲಿ 1959ರಲ್ಲೇ ಅಂಗವಿಕಲರಿಗಾಗಿ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಕಟ್ಟಿದ್ರು. ಸ್ವತಃ ಕಣ್ಣು ಕಾಣದ ಮಹಾಂತೇಶ್ ಅವರು ಗೆಳೆಯ ನಾಗೇಶ್ ಜೊತೆ ಸೇರಿ 1997ರಲ್ಲಿ ಸಮರ್ಥನಂ ಶುರು ಮಾಡಿದ್ರು. ಶಾಂತಿ ರಾಘವನ್ ತಮ್ಮನ ದೃಷ್ಟಿ ಹೋಗ್ತಾ ಬಂದಾಗ ಅವನ ಓದು, ಕೆಲಸ ಅಂತ ಹೋರಾಡಿ, 1999ರಲ್ಲಿ ಗಂಡ ದೀಪೇಶ್ ಸುತಾರಿಯಾ ಜೊತೆ ಎನೇಬಲ್ ಇಂಡಿಯಾ ಮಾಡಿದ್ರು. 2017ರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ಶುರು ಮಾಡಿದ, ಅಂಗವಿಕಲರೇ ಕೆಲಸ ಮಾಡೋ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಒಳಗೂ ಬಂತು. ಅಲ್ಲಿ ಕಾಫಿ ಕೊಡೋ ಕೈಗಳನ್ನ ನೋಡಿ ಚಪ್ಪಾಳೆ ತಟ್ಟೋರಿಗೆ ನಾನು ಕೇಳೋದು ಒಂದೇ, ಕಾಫಿ ಕೊಟ್ಟವರು ಸಂಜೆ ಹೋಗಿ ಸೇರೋಕೆ ನಿಮ್ಮ ಬೀದಿಯಲ್ಲಿ ಒಂದು ಮನೆ ಬಾಡಿಗೆಗೆ ಕೊಡ್ತೀರಾ?

ಇದನ್ನ ಈಗ ಬರೀತಿರೋಕೆ ಕಾರಣನೂ ಅದೇ. ಬೆಂಗಳೂರಿನ ಆ ಮೇಷ್ಟ್ರ ಮನೆ ಹತ್ರನೇ ಇನ್ನೊಂದು ಮನೆ ಹುಡುಕ್ತಿದೀವಿ, ಅದೇ ಆಫೀಸಿಗೆ ನಮ್ಮ ಸೆಂಟರಿಂದ ಇನ್ನೂ ಮೂರು ಜನ ಸೇರ್ತಿದಾರೆ, ಇಬ್ಬರು ಹೆಣ್ಣುಮಕ್ಕಳು. ಮೈಸೂರಲ್ಲೂ ಹೆಬ್ಬಾಳ, ಹೂಟಗಳ್ಳಿ ಕಡೆ ಎರಡು ಮನೆ ಬೇಕು. ನೆಲಮಹಡಿ ಇರ್ಲಿ. ಮುಂಬಾಗಿಲು ಮತ್ತೆ ಬಾತ್‌ರೂಮ್ ಬಾಗಿಲು ಮೂರಡಿ ಅಗಲ ಇದ್ರೆ ಒಳ್ಳೇದು, ಇಲ್ದಿದ್ರೆ ಬಾಗಿಲು ಬದಲಾಯಿಸೋಕೆ ಒಪ್ಪಿದ್ರೂ ಸಾಕು, ಖರ್ಚು ನಾವು ನೋಡ್ಕೋತೀವಿ, ಖಾಲಿ ಮಾಡೋವಾಗ ಮೊದಲಿನ ಹಾಗೆ ಮಾಡಿಸಿ ಕೊಡ್ತೀವಿ. ವೆಸ್ಟರ್ನ್ ಕಮೋಡ್ ಬೇಕು. ಬಸ್ ಸ್ಟಾಪು ಹತ್ರ ಇರ್ಬೇಕು. ಬಾಡಿಗೆ ಐದನೇ ತಾರೀಖಿನ ಒಳಗೆ ಅವರ ಅಕೌಂಟಿಂದಲೇ ಬರುತ್ತೆ. ಅಡ್ವಾನ್ಸ್ ಮೂರು ತಿಂಗಳಿದ್ದು ಕೊಡೋಕಾಗುತ್ತೆ, ಹತ್ತು ತಿಂಗಳಿದ್ದು ಆಗಲ್ಲ. ಮನೆ ನೋಡೋಕೆ ಅವರೇ ಬರ್ತಾರೆ, ದಯವಿಟ್ಟು ಅವರ ಹತ್ರನೇ ಮಾತಾಡಿ.